ಎಕ್ಸರೇ ಕ್ಲೀನ್ ಇತ್ತು, ಕಲ್ಲು ಎಲ್ಲಿಂದ ಬಂತು?

ಮೇಡಂ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ತಂದೆಯವರಿಗೆ ಪಾಲಿಸೈಥೀಮಿಯಾ ವೆರಾ (ಮೂಳೆಮಜ್ಜೆ ರಕ್ತಕಣಗಳನ್ನ ಅತಿಯಾಗಿ ಹುಟ್ಟಿಸೋ ಒಂದು ರಕ್ತದ ಕ್ಯಾನ್ಸರ್) ಇದೆ, ಪಕ್ಕೆಯಿಂದ ಕೆಳಗೆ ಸೆಳೆಯೋ ನೋವು ಬಂತು, ನಮ್ಮ ಹೋದ ಸಂಚಿಕೆ ನಂಬ್ಕೊಂಡು ಎಕ್ಸರೇ ತೆಗೆಸಿದ್ರಿ, ಏನೂ ಇಲ್ಲ ಅಂದ್ರು, ಎರಡು ವಾರ ಒದ್ದಾಡಿದ್ಮೇಲೆ ಸಿಟಿ ಸ್ಕ್ಯಾನಲ್ಲಿ ಎರಡು ಕಲ್ಲು. "ರಕ್ತದ ಕಾಯಿಲೆಗೂ ಕಿಡ್ನಿಗೂ ಏನು ಸಂಬಂಧ, ಊಟದಲ್ಲಿ ನಾವೇ ತಪ್ಪು ಮಾಡಿದ್ವಾ" ಅಂತ ಕೇಳಿದೀರಿ.

ತಪ್ಪು ನಮ್ದು. "ಕಲ್ಲಿದ್ರೆ ಎಕ್ಸರೇಲಿ ಕಾಣುತ್ತೆ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ವಿ. ಕ್ಯಾಲ್ಸಿಯಂ ಕಲ್ಲು ಸಾಮಾನ್ಯವಾಗಿ ಕಾಣುತ್ತೆ. ಯೂರಿಕ್ ಆಸಿಡ್ ಕಲ್ಲು ಎಕ್ಸರೇಗೆ ಗಾಜಿನ ಹಾಗೆ, ಕಿರಣ ಅದನ್ನ ದಾಟ್ಕೊಂಡು ಹೋಗುತ್ತೆ. ರಕ್ತದ ಕ್ಯಾನ್ಸರ್ ಇರೋರಲ್ಲಿ ಮೊದಲು ಅನುಮಾನ ಪಡಬೇಕಾದ್ದೇ ಈ ಕಲ್ಲನ್ನ.

ಊಟದ ವಿಷ್ಯ ಮನಸ್ಸಿಂದ ತೆಗೆದುಹಾಕಿ. ಒಂದು ಜೀವಕೋಶ ಸತ್ರೆ ಅದರ ಡಿಎನ್‌ಎ ಒಳಗಿನ ಪ್ಯೂರಿನ್ ಅನ್ನೋ ಅಂಶ ಒಡೆದು ಕ್ಸಾಂಥೀನ್ ಆಗಿ, ಕೊನೆಗೆ ಯೂರಿಕ್ ಆಸಿಡ್ ಆಗಿ ಮೂತ್ರಕ್ಕೆ ಬರುತ್ತೆ. ನಿಮ್ಮ ತಂದೆಯವರ ಮೂಳೆಮಜ್ಜೆ ಬೇಕಾದ್ದಕ್ಕಿಂತ ಜಾಸ್ತಿ ಕೋಶ ಹುಟ್ಟಿಸ್ತಾ ಇದೆ, ಹುಟ್ಟಿದ್ದು ಸಾಯಲೇಬೇಕಲ್ಲ, ಹಾಗಾಗಿ ಕಲ್ಲಿನ ಕಚ್ಚಾ ಮಾಲು ತಟ್ಟೆಯಿಂದ ಬರೋದಕ್ಕಿಂತ ಒಳಗಿಂದಲೇ ಹೆಚ್ಚು. ಇದರ ಜೊತೆ ಮೂತ್ರದ ಪಿಹೆಚ್ (ಹುಳಿ ಅಳೆಯೋ ಲೆಕ್ಕ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿದ್ರೆ ಅದು ಕರಗದೆ ಹರಳಾಗುತ್ತೆ. ಮೂತ್ರದ ಡಬ್ಬಿ ತಳದಲ್ಲಿ ಇಟ್ಟಿಗೆ ಪುಡಿ ಬಣ್ಣದ ಮರಳು ನೋಡಿದ್ವಿ ಅಂತ ಬರೆದಿದ್ರಲ್ಲ, ಬಹುಶಃ ಅದೇ.

ಒಳ್ಳೇ ಸುದ್ದಿ ಅಂದ್ರೆ ಬರೀ ಔಷಧೀಲಿ ಕರಗಿಸಬಹುದಾದ ಕಲ್ಲು ಇದು. ಮೂತ್ರದ ಹುಳಿ ಕಮ್ಮಿ ಮಾಡೋ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಪಿಹೆಚ್ 6.5ರ ಆಸುಪಾಸು ಇಟ್ಕೊಂಡ್ರೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಸವೆಯುತ್ತೆ. ಆದ್ರೆ 7 ದಾಟಿಸೋಕೆ ಹೋಗ್ಬೇಡಿ, ಆಗ ಕ್ಯಾಲ್ಸಿಯಂ ಫಾಸ್ಫೇಟ್ ಕೂರೋಕೆ ಶುರುವಾಗುತ್ತೆ. ಕಿಡ್ನಿ ಕೆಲಸ ಕಮ್ಮಿ ಇದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರೋ ಭಯ ಇದೆ, ಅದಕ್ಕೇ ಅಂಗಡೀಲಿ ಕೇಳಿ ತಗೊಳ್ಳೋ ಸಿರಪ್ ಅಲ್ಲ ಅದು.

ಇನ್ನೊಂದು ಮಾತ್ರೆ ಅಲೋಪ್ಯುರಿನಾಲ್, ಯೂರಿಕ್ ಆಸಿಡ್ ಹುಟ್ಟೋದನ್ನೇ ಕಮ್ಮಿ ಮಾಡುತ್ತೆ. ಇದರ ಕಥೆ ನಂಗೆ ಇಷ್ಟ. ಗರ್ಟ್ರೂಡ್ ಎಲಿಯಾನ್, ಜಾರ್ಜ್ ಹಿಚಿಂಗ್ಸ್ (1988ರ ನೊಬೆಲ್ ಹಂಚಿಕೊಂಡವರು) ಲ್ಯುಕೇಮಿಯಾದ ಮರ್ಕ್ಯಾಪ್ಟೋಪ್ಯೂರಿನ್ ಔಷಧಿ ದೇಹದಲ್ಲಿ ಬೇಗ ಒಡೆದುಹೋಗದ ಹಾಗೆ ತಡೆಯೋಕೆ ಅಂತ ಇದನ್ನ ಪ್ರಯೋಗಿಸಿದ್ರು, ಯೂರಿಕ್ ಆಸಿಡೂ ಇಳೀತು. ಆ ಗುಣ ಇವತ್ತಿಗೂ ಹಾಗೇ ಇದೆ, ಅಂದ್ರೆ ಮರ್ಕ್ಯಾಪ್ಟೋಪ್ಯೂರಿನ್ ತಗೊಳ್ಳೋರಿಗೆ ಇದನ್ನ ಸೇರಿಸಿದ್ರೆ ಅದರ ಡೋಸ್ ಮೂರನೇ ಒಂದು ಅಥವಾ ನಾಲ್ಕನೇ ಒಂದು ಭಾಗಕ್ಕೆ ಇಳಿಸಬೇಕು, ಇಲ್ಲಾಂದ್ರೆ ರಕ್ತಕಣ ಅಪಾಯಕ್ಕೆ ಕುಸಿಯುತ್ತೆ. ನಿಮ್ಮ ತಂದೆಯವರಿಗೆ ಸಂಬಂಧ ಇಲ್ಲ, ಮಗೂಗೆ ಲ್ಯುಕೇಮಿಯಾ ಇರೋ ಬೇರೆ ಓದುಗರು ಇರ್ತಾರೆ ಅಂತ ಹೇಳ್ದೆ. ಅಲೋಪ್ಯುರಿನಾಲ್ ಶುರು ಮಾಡಿದ್ಮೇಲೆ ಮೈಮೇಲೆ ಗಂಧೆ ಎದ್ರೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಕೀಮೋ ಶುರುವಾದಾಗ ಆಗೋದು ಬೇರೆ ಲೆಕ್ಕ. ಕೋಟ್ಯಂತರ ಕೋಶ ಒಟ್ಟಿಗೆ ಸಾಯುತ್ತೆ, ಹರಳು ಕಿಡ್ನಿಯ ಸಣ್ಣ ನಾಳಗಳಲ್ಲೇ ಕಟ್ಕೊಳ್ಳುತ್ತೆ, ಕಲ್ಲಿನ ನೋವೇ ಇರಲ್ಲ, ಮೂತ್ರ ಕಮ್ಮಿ ಆಗುತ್ತೆ ಅಷ್ಟೆ. ಅದಕ್ಕೇ ಮೊದಲೇ ಡ್ರಿಪ್ ಏರಿಸ್ತಾರೆ.

ಕಲ್ಲು ಒಡೆಸೋ ಮಾತು ಬಂದ್ರೆ ರಕ್ತದ ಡಾಕ್ಟರು, ಕಲ್ಲಿನ ಡಾಕ್ಟರು ಒಬ್ಬರಿಗೊಬ್ಬರು ಫೋನ್ ಮಾಡೋ ಹಾಗೆ ನೀವೇ ಬೆನ್ನು ಹತ್ತಬೇಕು. ತಂದೆಯವರು ಆಸ್ಪಿರಿನ್ ತಗೊಳ್ತಾರೆ ಅಂದ್ರಿ, ರಕ್ತ ಹೆಪ್ಪುಗಟ್ಟದಿರ್ಲಿ ಅಂತ ಕೊಟ್ಟಿರೋದು ಅದು, ಒಡೆಸೋರಿಗೆ ಅದೇ ರಕ್ತಸ್ರಾವದ ತಲೆನೋವು. ಯಾವಾಗ ನಿಲ್ಲಿಸೋದು ಅಂತ ನೀವಾಗಿ ತೀರ್ಮಾನ ಮಾಡ್ಬೇಡಿ. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದ್ರೆ ಬೆಳಗ್ಗೆವರೆಗೂ ಕಾಯ್ಬೇಡಿ, ಎಮರ್ಜೆನ್ಸಿಗೆ ಹೋಗಿ.

ಮೂತ್ರ ಒಂದು ಜರಡೀಲಿ ಸೋಸ್ತಾ ಇರಿ, ಅಕ್ಕಿಕಾಳಿನಷ್ಟು ತುಂಡು ಸಿಕ್ರೂ ಲ್ಯಾಬಿಗೆ ಕಳ್ಸಿ, ಅದೇನು ಕಲ್ಲು ಅಂತ ಆಗ ಖಚಿತ ಆಗುತ್ತೆ. ನಮ್ಮ ತಿದ್ದುಪಡಿ ಮುಂದಿನ ಸಂಚಿಕೇಲಿ ಬರುತ್ತೆ, ಮೂಲೇಲಿ ಅಲ್ಲ, ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ.

– ಸಂಪಾದಕ