ಅಮ್ಮನ ಲೋಟ ಅಮ್ಮನೇ ತೊಳೆಯಲಿ

ಪ್ರಶ್ನೆ: ನನಗೆ 51 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಜೊತೆಗಿರುವ ಅಮ್ಮನಿಗೆ 77. ಐದು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿದೆ. ಇನ್ನು ಓಡಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಡಲ್ಲಾಸ್‌ನಲ್ಲಿರುವ ಅಣ್ಣ ದುಡ್ಡು ಕಳಿಸಿ ದಿನಪೂರ್ತಿ ಇರುವ ಹೋಂ ನರ್ಸ್ ಹುಡುಗಿಯನ್ನು ಇಡಿಸಿದ್ದಾನೆ. ಹಾಲ್‌ಗೂ ಅಮ್ಮನ ರೂಮಿಗೂ ಕ್ಯಾಮೆರಾ ಹಾಕಿಸಿದ್ದಾನೆ. ಹುಡುಗಿ ಒಳ್ಳೆಯವಳು. ಸ್ನಾನ, ಊಟ, ಬಟ್ಟೆ, ಎಲ್ಲ ಅವಳೇ. ಆದರೆ ಅಮ್ಮ, "ಇವಳನ್ನ ಕಳಿಸು, ನಾನೇನು ಮಗುನಾ?" ಎಂದು ದಿನಾ ಜಗಳ ಮಾಡುತ್ತಾರೆ. ದೇವರಾಜ ಮಾರ್ಕೆಟ್ಟಿಗೆ ತಾವೇ ಹೋಗಿ ಎಲೆ ಅಡಿಕೆ ತರಬೇಕಂತೆ. ಮೊನ್ನೆ ಬೆಳಿಗ್ಗೆ ಹತ್ತಕ್ಕೆ ಕೋಲು ಹಿಡಿದು ಗೇಟಿನ ತನಕ ಹೋಗಿಬಿಟ್ಟರು. ಅವರು ಹಾಲ್ ದಾಟಿದ್ದನ್ನು ಕ್ಯಾಮೆರಾದಲ್ಲಿ ನೋಡಿದ ಅಣ್ಣ ಕೂಡಲೇ ಫೋನ್ ಮಾಡಿ ನನ್ನನ್ನೂ ಹುಡುಗಿಯನ್ನೂ ಬೈದ. ಅವಳು ಅತ್ತಳು. ಹುಡುಗಿಯನ್ನು ಕಳಿಸಿಬಿಡಲಾ? ಯಾರ ಮಾತು ಕೇಳಲಿ?

ಉತ್ತರ: ಹುಡುಗಿಯನ್ನು ಕಳಿಸಬೇಡಿ. ಅವಳ ಕೆಲಸವನ್ನು ಬದಲಿಸಿ.

ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು "ಎಲ್ಲ ಅವಳೇ" ಎಂಬ ಮಾತು. ಬಿದ್ದ ಹೊಸದರಲ್ಲಿ ಅದು ಬೇಕಿತ್ತು. ಈಗಲೂ ಯಾಕೆ? ನಾನೂ ಇದೇ ತಪ್ಪು ಮಾಡಿದವಳು. ನಮ್ಮ ತಂದೆಗೆ ಮಂಡಿನೋವು ಶುರುವಾದಾಗ ಕಾಫಿ, ಪೇಪರ್, ಕನ್ನಡಕ ಎಲ್ಲವನ್ನೂ ಅವರ ಕುರ್ಚಿಗೇ ತಲುಪಿಸಿದೆ. ಒಳ್ಳೆ ಮಗಳು ಅಂತ ನೆಂಟರೆಲ್ಲ ಹೊಗಳಿದರು. ವರ್ಷ ತುಂಬುವುದರೊಳಗೆ ಅಪ್ಪನಿಗೆ ಆ ಕುರ್ಚಿಯಿಂದ ಏಳುವುದಕ್ಕೇ ನಾನು ಬೇಕಾಯಿತು.

ವಯಸ್ಸಾದವರ ಕಾಲು ತುಂಬಾ ಬೇಗ ಸೋಲುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ಅಳೆದು ನೋಡಿದ ಒಂದು ಅಧ್ಯಯನವಿದೆ. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಅವರಾರಿಗೂ ಮೂಳೆ ಮುರಿದಿರಲಿಲ್ಲ. ನಿಮ್ಮ ಅಮ್ಮ ಐದು ತಿಂಗಳಿಂದ ಹೆಚ್ಚು ಕಡಿಮೆ ಕೂತೇ ಇದ್ದಾರೆ. ಗೇಟಿನ ತನಕ ಹೋದರು ಅಂದರೆ ನನಗೆ ಖುಷಿಯೇ ಆಯಿತು. ಒಬ್ಬರೇ ಹೋಗಿದ್ದು ತಪ್ಪು, ಅದು ಬೇರೆ ಮಾತು.

ಈಗ ಆ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ಅಮ್ಮ ಬಿದ್ದರೆ ಮನೆಯವರೂ ಬೈಯುತ್ತಾರೆ, ಏಜೆನ್ಸಿಯವರೂ ಬೈಯುತ್ತಾರೆ. ಅಮ್ಮ ಇಡೀ ದಿನ ಕೂತಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಹಾಗಿದ್ದಾಗ ಅವಳು ಅವರನ್ನು ಏಳಲು ಬಿಡುವುದಾದರೂ ಯಾಕೆ? ಆದ್ದರಿಂದ ಧೈರ್ಯ ಕೊಡಬೇಕಾದವರು ನೀವು. ಅಣ್ಣನನ್ನು ಫೋನಿನಲ್ಲಿ ಇಟ್ಟುಕೊಂಡೇ ಅವಳಿಗೆ ಹೇಳಿ: "ಅಮ್ಮ ಮಾಡಬಲ್ಲದ್ದನ್ನು ನೀನು ಮಾಡಬೇಡ. ಪಕ್ಕದಲ್ಲಿ ನಿಂತಿರು. ಅಷ್ಟು ಮಾಡಿಯೂ ಏನಾದರೂ ಆದರೆ ನಿನ್ನ ಮೇಲೆ ಹಾಕುವುದಿಲ್ಲ."

ಪಕ್ಕದಲ್ಲಿ ನಿಲ್ಲುವುದಕ್ಕೂ ಕ್ರಮ ಇದೆ. ಆಪರೇಷನ್ ಆದ ಕಾಲಿನ ಕಡೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ತೋಳು ಹಿಡಿದು ಎಳೆಯಬಾರದು. ಕೋಲು ಇರಬೇಕಾದದ್ದು ನೋವಿರುವ ಕಾಲಿನ ಕಡೆ ಅಲ್ಲ, ಇನ್ನೊಂದು ಕೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಅಟ್ಟದ ಮೇಲಿಂದ ತೆಗೆದ ತಾತನ ಕಾಲದ ಊರುಗೋಲಾದರೆ ಒಮ್ಮೆ ಅಳತೆ ನೋಡಿ.

ಮನೆಯೊಳಗೆ ಇಂಥ ಇಂಥ ಕೆಲಸ ಅಮ್ಮನದು ಎಂದು ಬಿಟ್ಟುಕೊಡಿ. ಕುಡಿದ ಲೋಟ ತೊಳೆದಿಡುವುದು, ದೇವರಿಗೆ ಹೂವು ಏರಿಸುವುದು, ಸೊಪ್ಪು ಬಿಡಿಸುವುದು. ಸೊಪ್ಪು ಫ್ರಿಜ್‌ನಲ್ಲಿದ್ದರೆ ಎದ್ದು ಹೋಗಿ ತರಲಿ, ತಂದುಕೊಡಬೇಡಿ. ನಿಧಾನವಾಗುತ್ತದೆ. ನೋಡುವವರ ಕೈ ತುರಿಸುತ್ತದೆ. ತಡೆದುಕೊಳ್ಳಿ.

ಜೊತೆಗೆ ವ್ಯಾಯಾಮವೂ ಬೇಕು. ಬರೀ ವಾಕಿಂಗ್ ಸಾಲದು. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಬ್ಯಾಲೆನ್ಸ್ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬ ಫಿಸಿಯೋ ಮನೆಗೆ ಬಂದು ಅಮ್ಮನಿಗೂ ಹುಡುಗಿಗೂ ಒಟ್ಟಿಗೆ ಕಲಿಸಲಿ. ಒಂದು ಪರೀಕ್ಷೆ ಅವರ ಎದುರೇ ಮಾಡಿಸಿ. ಗೋಡೆಗೆ ಆನಿಸಿದ ಕುರ್ಚಿ, ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುವುದು. 75ರಿಂದ 79 ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ. ಅಮ್ಮನಿಗೆ ಈಗ ನಾಲ್ಕೇ ಬರಬಹುದು. ಕೈ ಊರದೆ ಏಳಲು ಆಗದೆಯೂ ಇರಬಹುದು. ಬೇಜಾರಾಗಬೇಡಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಆ ಸಂಖ್ಯೆಯನ್ನು ಡಲ್ಲಾಸ್‌ಗೂ ಕಳಿಸಿ.

ಸ್ನಾನದ ವಿಷಯದಲ್ಲಿ ನಾನು ಪೂರ್ತಿ ಅಮ್ಮನ ಕಡೆ. ಎಪ್ಪತ್ತೇಳು ವರ್ಷ ತಾವೇ ಮಿಂದವರಿಗೆ ಇನ್ನೊಬ್ಬರು ಮೈ ತೊಳೆಸುವಾಗ ಆಗುವ ಸಂಕೋಚ ಸಣ್ಣದಲ್ಲ. ಆ "ಕಳಿಸು" ಅನ್ನುವ ಜಗಳದ ಬೇರು ಅಲ್ಲೇ ಇರಬಹುದು. ಗೋಡೆಗೆ ಗಟ್ಟಿಯಾದ ಹಿಡಿಕೆ, ಜಾರದ ಮ್ಯಾಟ್, ರಬ್ಬರ್ ಬುಡದ ಸ್ಟೂಲ್, ಕೈಯಲ್ಲಿ ಹಿಡಿಯುವ ಷವರ್ ಹಾಕಿಸಿ. ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿಕೊಳ್ಳಲಿ, ಹುಡುಗಿ ಹೊರಗಿರಲಿ. ಬೆನ್ನು ಉಜ್ಜಲು ಬೇಕಾದರೆ ಅಮ್ಮನೇ ಕರೆಯುತ್ತಾರೆ. ಹಾಗೇ ರೂಮಿನ ಕ್ಯಾಮೆರಾ ತೆಗೆಸಿ. ಅದನ್ನು ಹಾಕುವಾಗ ಅವರನ್ನು ಯಾರಾದರೂ ಕೇಳಿದ್ದಿರಾ? ಹಾಲ್‌ನಲ್ಲಿರುವುದು ಇರಲಿ, ಅದೂ ಅಮ್ಮ ಒಪ್ಪಿದರೆ.

ಯಾಕೆ ಬಿದ್ದರು ಅನ್ನುವುದನ್ನು ನೀವು ಬರೆದಿಲ್ಲ. ಬಚ್ಚಲಿನ ನೀರು ಒಂದೇ ಕಾರಣ ಆಗಿರಬೇಕಿಲ್ಲ. ಬಿಪಿ ಮಾತ್ರೆ ಜಾಸ್ತಿಯಾಗಿ ಎದ್ದ ಕೂಡಲೇ ತಲೆ ಸುತ್ತುತ್ತದಾ? ನಿದ್ದೆ ಮಾತ್ರೆ ಇದೆಯಾ? ಕಣ್ಣಿನ ಪೊರೆ? ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಇನ್ನೊಂದು ಮಾತು ಮರೆಯದೆ ಕೇಳಿ: ಮೂಳೆ ಟೊಳ್ಳಾಗುವುದಕ್ಕೆ ಔಷಧಿ ಶುರು ಮಾಡಿದ್ದಾರಾ? ನಿಂತಲ್ಲೇ ಬಿದ್ದು ಸೊಂಟ ಮುರಿದರೆ ಆಸ್ಟಿಯೊಪೊರೋಸಿಸ್‌ಗೆ ಚಿಕಿತ್ಸೆ ಬೇಕೇ ಎಂದು ನೋಡಲೇಬೇಕು. ಆಪರೇಷನ್ ಗಡಿಬಿಡಿಯಲ್ಲಿ ಇದು ಎಷ್ಟೋ ಮನೆಗಳಲ್ಲಿ ತಪ್ಪಿಹೋಗುತ್ತದೆ.

ಅಣ್ಣನ ಮೇಲೆ ನಿಮಗೆ ಸಿಟ್ಟಿದೆ, ಗೊತ್ತಾಗುತ್ತದೆ. ಮೈಸೂರಿನಲ್ಲಿ ಬೆಳಿಗ್ಗೆ ಹತ್ತು ಅಂದರೆ ಅಲ್ಲಿ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ. ಮಲಗುವ ಹೊತ್ತಿನಲ್ಲಿ ಅವರು ಫೋನ್ ಹಿಡಿದು ಅಮ್ಮನನ್ನು ನೋಡುತ್ತಾ ಕೂತಿದ್ದರು. ದೂರದಲ್ಲಿರುವವರಿಗೆ ಕಾಣುವುದು ಬೀಳುವುದೊಂದೇ. ಆ ಹೊತ್ತಿಗೇ ಅವರಿಗೊಂದು ಕೆಲಸ ಕೊಡಿ. ದಿನಾ ಹತ್ತಕ್ಕೆ ವಿಡಿಯೋ ಕಾಲ್ ಮಾಡಲಿ, ಅಮ್ಮ ಎದ್ದು ಕೂರುವುದನ್ನು ಅವರೇ ಎಣಿಸಲಿ. ಬೈಯುವ ಬಾಯಿ ಎಣಿಸಲಿ, ಅಲ್ವಾ?

ಏಜೆನ್ಸಿಯ ಜೊತೆ ತಕರಾರು ಬಂದರೆ, ಅಥವಾ ಬೇರೆ ಸಹಾಯ ಎಲ್ಲಿ ಸಿಗುತ್ತದೆ ಎಂದು ತಿಳಿಯಬೇಕಾದರೆ, ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಉಚಿತ.

ಇನ್ನು ಮಾರ್ಕೆಟ್ಟು. ಫಿಸಿಯೋಗೆ ಮೊದಲ ದಿನವೇ ಹೇಳಿಬಿಡಿ: ನಮ್ಮ ಅಮ್ಮ ದೇವರಾಜ ಮಾರ್ಕೆಟ್ಟಿಗೆ ಹೋಗಬೇಕು, ಅಷ್ಟಕ್ಕೆ ತಯಾರು ಮಾಡಿ ಅಂತ. ಆಟೋ ಹತ್ತಿ ಇಳಿಯುವುದು, ಮೆಟ್ಟಿಲು, ಒದ್ದೆ ನೆಲ, ಜನರ ನಡುವೆ ನಿಲ್ಲುವುದು, ಎಲ್ಲ ಅದರಲ್ಲೇ ಬರುತ್ತದೆ. ಅವರು ಸರಿ ಅಂದ ಮೇಲೆ, ಹಬ್ಬ ಇಲ್ಲದ ವಾರದಲ್ಲಿ, ಜನ ಕಡಿಮೆ ಇರುವ ಹೊತ್ತು ನೋಡಿ ಹೊರಡಲಿ. ಚೀಲ ಹುಡುಗಿಯ ಕೈಯಲ್ಲಿ, ದುಡ್ಡು ಅಮ್ಮನ ಕೈಯಲ್ಲಿ. ಎಲೆ ಚೌಕಾಸಿ ಮಾಡುವಾಗ ನೀವು ಮಧ್ಯೆ ಬಾಯಿ ಹಾಕಬೇಡಿ.