ಬ್ಯಾಂಕು ಕೊಡುವ ಸಾಲ, ನೀವು ತೀರಿಸಬಲ್ಲ ಸಾಲ

ಬೆಂಗಳೂರಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ಕೈಗೆ ಬರುವ ಸಂಬಳ 98,000. ಕನಕಪುರ ರಸ್ತೆ ಕಡೆ 72 ಲಕ್ಷದ ಫ್ಲಾಟ್ ನೋಡಿದ್ದೇವೆ, ಮನೆ ರೆಡಿ ಇದೆ. ಉಳಿತಾಯ 15 ಲಕ್ಷ. ಉಳಿದದ್ದಕ್ಕೆ ಸಾಲ ಕೊಡ್ತೀವಿ ಅಂತ ಬ್ಯಾಂಕಿನವರು ಹೇಳಿದ್ದಾರೆ. ಈಗ ಬಾಡಿಗೆ 20,000, ಕಾರಿನ ಕಂತು 8,000 (ಇನ್ನೂ ಎರಡು ವರ್ಷ), ಊರಿಗೆ ಅಪ್ಪ ಅಮ್ಮನಿಗೆ 10,000, ಮಗಳ ಶಾಲೆಗೆ ತಿಂಗಳ ಲೆಕ್ಕದಲ್ಲಿ 10,000, ಉಳಿಸುವುದು 12,000. ಮನೆಯವರು ಮುಂದೆ ಮತ್ತೆ ಕೆಲಸಕ್ಕೆ ಸೇರಬಹುದು. ಈ ತಿಂಗಳ ಕೊನೆಯೊಳಗೆ 2 ಲಕ್ಷ ಮುಂಗಡ ಕೊಡಿ ಅಂತ ಫ್ಲಾಟ್ ಮಾರುವವರು ಹೇಳ್ತಿದ್ದಾರೆ. ಬಾಡಿಗೆ ಕಟ್ಟೋದು ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ಅಪ್ಪ ಹೇಳ್ತಾರೆ. ತೆಗೆದುಕೊಳ್ಳಲಾ?

ನಮಸ್ಕಾರ. ಇಷ್ಟು ಬಿಚ್ಚಿಟ್ಟು ಲೆಕ್ಕ ಬರೆದಿದ್ದೀರಿ, ಅದಕ್ಕೇ ನೇರವಾಗಿ ಹೇಳುತ್ತೇನೆ. ಈ ಮನೆ ಈಗ ಬೇಡ.

30 ಲಕ್ಷ ದಾಟಿದ ಸಾಲದಲ್ಲಿ, 75 ಲಕ್ಷದ ತನಕ, ಮನೆ ಬೆಲೆಯ 80%ಗಿಂತ ಜಾಸ್ತಿ ಬ್ಯಾಂಕು ಕೊಡುವ ಹಾಗಿಲ್ಲ. ಅದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ನಿಮಗೆ 57.6 ಲಕ್ಷ ಸಾಲ, ಕೈಯಿಂದ 14.4 ಲಕ್ಷ. 15 ಲಕ್ಷ ಇದೆಯಲ್ಲ, ಆಯ್ತು ಅಂದುಕೊಂಡಿರಿ. ಆದರೆ ನೋಂದಣಿ ಖರ್ಚು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಮುದ್ರಾಂಕ ಶುಲ್ಕ, ಸೆಸ್ಸು, 2025ರ ಆಗಸ್ಟ್ ಕೊನೆಯಲ್ಲಿ 1%ನಿಂದ 2%ಗೆ ಏರಿದ ನೋಂದಣಿ ಶುಲ್ಕ, ಎಲ್ಲಾ ಸೇರಿ 7.6% ಆಸುಪಾಸು. ಸುಮಾರು ಐದೂವರೆ ಲಕ್ಷ. ಅದನ್ನು ಎಲ್ಲಿಂದ ತರುತ್ತೀರಿ? ಪರ್ಸನಲ್ ಲೋನ್ ಅಂತ ಮಾತ್ರ ಹೇಳಬೇಡಿ.

ಇನ್ನು ತಿಂಗಳ ಲೆಕ್ಕ. 8.5% ಬಡ್ಡಿ, 20 ವರ್ಷ ಅಂತ ಇಟ್ಟುಕೊಂಡರೆ ಲಕ್ಷಕ್ಕೆ 868 ರೂಪಾಯಿ ಕಂತು. ನಿಮ್ಮ ಸಾಲಕ್ಕೆ ಹತ್ತಿರ ಹತ್ತಿರ 50,000. ಕಾರಿಗೆ 8,000, ಮೇಂಟೆನೆನ್ಸ್‌ಗೆ 4,000 ಇಡಿ, ಅಪ್ಪ ಅಮ್ಮನಿಗೆ, ಶಾಲೆಗೆ ಕೊಟ್ಟ ಮೇಲೆ ಉಳಿಯುವುದು 16,000. ದಿನಸಿ, ಹಾಲು, ಕರೆಂಟು, ಪೆಟ್ರೋಲು, ಔಷಧಿ, ಹಬ್ಬ ಎಲ್ಲಾ ಅದರಲ್ಲೇ. ಈಗ ಇದೇ ಖರ್ಚಿಗೆ ನಿಮಗೆ 38,000 ಹೋಗುತ್ತಿದೆ, ನೀವೇ ಬರೆದ ಅಂಕಿಗಳನ್ನು ಕಳೆದು ನೋಡಿ.

ನಿಮ್ಮ ಅಪ್ಪನವರ ಮಾತಿಗೆ ಬರೋಣ, ಯಾಕೆಂದರೆ ನಿಮ್ಮನ್ನು ಅವಸರಕ್ಕೆ ತಳ್ಳುತ್ತಿರುವುದು ಅದೇ ಅನ್ನಿಸುತ್ತದೆ. ಮೊದಲ ತಿಂಗಳ 50,000 ಕಂತಿನಲ್ಲಿ ಬಡ್ಡಿಯೇ 40,800. ಅಸಲಿಗೆ ಹೋಗುವುದು ಬರೀ 9,200. ಬಾಡಿಗೆಯ 20,000 ನೀರಿಗೆ ಹೋದರೆ, ಈ 40,800 ಎಲ್ಲಿಗೆ ಹೋಯಿತು? ಅವರ ಮುಂದೆ ಕೂತು ಇದೊಂದು ಲೆಕ್ಕ ತೋರಿಸಿ. ಅವರು ಕೋಪ ಮಾಡಿಕೊಳ್ಳುವುದಿಲ್ಲ, ಮಗ ಸಾಲದಲ್ಲಿ ಒದ್ದಾಡಲಿ ಅಂತ ಯಾವ ಅಪ್ಪನೂ ಬಯಸುವುದಿಲ್ಲ.

ಬಡ್ಡಿ ಇಷ್ಟೇ ಇರುತ್ತದೆ ಅಂತಲೂ ನಂಬಬೇಡಿ. ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಗೆ ರೆಪೊ ದರ ಅನ್ನುತ್ತಾರೆ, ಅದು ಏರಿದರೆ ಮನೆ ಸಾಲದ ಬಡ್ಡಿಯೂ ಏರುತ್ತದೆ. 2022ರ ಮೇ ಶುರುವಿನಲ್ಲಿ 4% ಇದ್ದ ಈ ದರ 2023ರ ಫೆಬ್ರುವರಿಗೆ 6.5% ಆಯಿತು, ವರ್ಷ ತುಂಬುವ ಮೊದಲೇ. 6.75%ಗೆ, 20 ವರ್ಷಕ್ಕೆ 50 ಲಕ್ಷ ಸಾಲ ಮಾಡಿದವರ ಕಂತು 38,000 ಇತ್ತು. ದರ 9.25% ಆದರೆ ಆ 38,000 ಹೆಚ್ಚುಕಮ್ಮಿ ಬಡ್ಡಿಗೇ ಮುಗಿದುಹೋಗುತ್ತದೆ, ಅಸಲು ಅಲ್ಲಾಡುವುದೇ ಇಲ್ಲ.

ಹಾಗಾದರೆ ಎಷ್ಟರ ಮನೆ? ಬ್ಯಾಂಕನ್ನು ಕೇಳಬೇಡಿ, ನಿಮ್ಮ ಪಾಸ್‌ಬುಕ್ಕನ್ನೇ ಕೇಳಿ. ಈಗ ಬಾಡಿಗೆ ಮತ್ತು ಉಳಿತಾಯ ಸೇರಿ 32,000. ಮನೆಗೆ ಅಂತ ನೀವು ನಿಜವಾಗಿ ಎತ್ತಿಡಬಲ್ಲದ್ದು ಅಷ್ಟೇ. ಅದರಲ್ಲಿ ಮೇಂಟೆನೆನ್ಸ್ 4,000, ಉಳಿತಾಯಕ್ಕೆ ಕನಿಷ್ಠ 5,000 ತೆಗೆದರೆ ಕಂತಿಗೆ 23,000. ಅಂದರೆ ಇವತ್ತಿಗೆ ಇಪ್ಪತ್ತಾರೂವರೆ ಲಕ್ಷ ಸಾಲ. ಕಡಿಮೆ ಆಯ್ತು, ಅಲ್ವಾ? ಆದರೆ ಕಾರಿನ ಸಾಲ ತೀರಿದ ದಿನ ಆ 8,000 ಬಿಡುಗಡೆಯಾಗುತ್ತದೆ, ಅದೊಂದೇ 9 ಲಕ್ಷಕ್ಕಿಂತ ಜಾಸ್ತಿ ಸಾಲ ಹೊರುತ್ತದೆ. ಆಗ 35 ಲಕ್ಷ ಆಗುತ್ತದೆ. ಅಷ್ಟರಲ್ಲಿ ನಿಮ್ಮ 12,000 ಕೂಡಿ ಹೆಚ್ಚುಕಮ್ಮಿ ಇನ್ನೂ 3 ಲಕ್ಷ. ಆಪತ್ತಿಗೆ ಅಂತ 3 ಲಕ್ಷ ಮುಟ್ಟದೆ ಇಟ್ಟರೂ ಕೈಯಲ್ಲಿ 15 ಲಕ್ಷ. ಒಟ್ಟು 50 ಲಕ್ಷ, ನೋಂದಣಿ ಖರ್ಚು ಕಳೆದರೆ 46 ಲಕ್ಷದ ಮನೆ. ಈ ಎರಡು ವರ್ಷದಲ್ಲಿ ಸಂಬಳ ಏರಿದರೆ ಇನ್ನೂ ಒಳ್ಳೆಯದು. ನಿಮ್ಮ ಮನೆಯವರು ಮತ್ತೆ ಕೆಲಸಕ್ಕೆ ಸೇರಬಹುದು ಅಂತ ಬರೆದಿದ್ದೀರಿ. ಸೇರಲಿ, ಆದರೆ ಬಾರದ ಸಂಬಳವನ್ನು ಇವತ್ತೇ ಲೆಕ್ಕಕ್ಕೆ ಹಿಡಿಯಬೇಡಿ.

46 ಲಕ್ಷಕ್ಕೆ ಕನಕಪುರ ರಸ್ತೆಯಲ್ಲಿ ನಿಮಗೆ ಇಷ್ಟವಾದಂಥದ್ದು ಸಿಗದೇ ಹೋಗಬಹುದು. ಸ್ವಲ್ಪ ಆಚೆ ಹೋಗಬೇಕಾಗಬಹುದು, ಹಳೆಯ ಫ್ಲಾಟ್ ನೋಡಬೇಕಾಗಬಹುದು. ಬೇಜಾರಾಗುತ್ತದೆ, ಗೊತ್ತು. ಹಳೆಯದು ನೋಡುವಾಗ ಇ-ಖಾತೆ (ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರಿಸುವ ಪಾಲಿಕೆಯ ಡಿಜಿಟಲ್ ದಾಖಲೆ) ಇದೆಯಾ ಅಂತ ಮೊದಲು ಕೇಳಿ.

ಈ ತಿಂಗಳ ಕೊನೆಯೊಳಗೆ 2 ಲಕ್ಷ ಮುಂಗಡ ಕೊಡಿ ಅಂತಿದ್ದಾರೆ ಅಂದಿರಲ್ಲ, ಅದನ್ನು ಕೊಡಬೇಡಿ. ಇನ್ನೂ ಮನಸ್ಸು ಅಲ್ಲೇ ಇದ್ದರೆ, ಮೂರು ತಿಂಗಳು ಸಂಬಳ ಬಂದ ದಿನವೇ ಬಾಡಿಗೆ ಬಿಟ್ಟು 34,000 ಬೇರೆ ಖಾತೆಗೆ ಹಾಕಿ, ಕಂತು ಮತ್ತು ಮೇಂಟೆನೆನ್ಸ್ ಕಟ್ಟಿದ ಹಾಗೆ. ಅದನ್ನು ಮುಟ್ಟದೆ ಸಂಸಾರ ನಡೆದರೆ ಮತ್ತೆ ಬರೆಯಿರಿ, ಲೆಕ್ಕ ಹೊಸದಾಗಿ ಹಾಕೋಣ.

- ಸಂ.