ಚಿಂತಾಮಣಿಯಲ್ಲಿ ಕೂತು ಚನ್ನಪಟ್ಟಣದ ಗೊಂಬೆಗಳ ಆನ್‌ಲೈನ್ ಬೆಲೆ ಇಳಿದಾಗ ತಿಳಿಯುವುದು ಹೇಗೆ?

ಅಮೆಜಾನ್‌ನಲ್ಲಾದರೆ ಬೆಲೆಯ ಏರಿಳಿತ ಹಿಂಬಾಲಿಸುವ ಟ್ರ್ಯಾಕರ್ ಕೀಪಾ (Keepa) ಸಾಕು. ಅದರ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಹಾಕಿಕೊಂಡರೆ ಗೊಂಬೆಯ ಪುಟದಲ್ಲೇ ಹಳೆಯ ಬೆಲೆಗಳ ಗ್ರಾಫ್ ಕಾಣುತ್ತದೆ. ಟ್ರ್ಯಾಕ್ ಮಾಡುವ ಕಡೆ ನಿಮಗೆ ಒಪ್ಪುವ ಬೆಲೆ ತುಂಬಿ, ಅಷ್ಟಕ್ಕಿಳಿದಾಗ ಇಮೇಲ್ ಬರುತ್ತದೆ. ಅಡ್ಡಗೆರೆ ಎಳೆದ ಎಂಆರ್‌ಪಿಯನ್ನು ಲೆಕ್ಕಕ್ಕೆ ತಗೋಬೇಡಿ, ಕಳೆದ ಮೂರು ತಿಂಗಳ ಗೆರೆ ನೋಡಿ.

ಕೈಕೆಲಸದ ಸಾಮಾನಿನಲ್ಲಿ ಎಡವಟ್ಟಾಗುವುದು ಬೇರೆ ಕಡೆ. ಟ್ರ್ಯಾಕರ್ ಹಿಂಬಾಲಿಸುವುದು ಒಂದು ಪುಟವನ್ನು ಮಾತ್ರ. ಅದೇ ಮರದ ರೈಲನ್ನು ನಾಲ್ವರು ನಾಲ್ಕು ಪುಟಗಳಲ್ಲಿ ಮಾರುತ್ತಿರುತ್ತಾರೆ. ಸ್ಟಾಕ್ ಮುಗಿದು ಮಾರುವವರು ಹೊಸ ಪುಟ ತೆರೆದರೆ ನಿಮ್ಮ ಹಳೆಯ ಅಲರ್ಟ್ ಸುಮ್ಮನಾಗುತ್ತದೆ. ಹಾಗಾಗಿ ಎರಡು ಮೂರು ಪುಟಗಳಿಗೆ ಅಲರ್ಟ್ ಇಡಿ, ಆಗಾಗ ಹೆಸರು ಹಾಕಿ ಹುಡುಕಿ.

ಕೈಕೆಲಸದ ಸಾಮಾನು ಮಾರುವ ಜಾಲತಾಣ ಎಟ್ಸಿಯಲ್ಲಿ (Etsy) ಗೊಂಬೆಯ ಪಕ್ಕದ ಹೃದಯದ ಗುರುತು ಒತ್ತಿಟ್ಟರೆ ರಿಯಾಯಿತಿ ಬಂದಾಗ ಸಾಮಾನ್ಯವಾಗಿ ಸೂಚನೆ ಸಿಗುತ್ತದೆ. ಡಾಲರ್‌ನಲ್ಲಿ ಬೆಲೆ ಹಾಕಿದ್ದರೆ ರೂಪಾಯಿ ಲೆಕ್ಕ ದಿನಕ್ಕಿಷ್ಟು ಅಲುಗಾಡುತ್ತದೆ, ಅದು ರಿಯಾಯಿತಿಯಲ್ಲ.

ಕೊಳ್ಳುವ ಮುಂಚೆ ಪಿನ್‌ಕೋಡ್ 563125 ಹಾಕಿ ಡೆಲಿವರಿ ಚಾರ್ಜ್ ಸೇರಿಸಿ ನೋಡಿ. ₹80 ಇಳಿಕೆ ಅಲ್ಲೇ ಕರಗಬಹುದು. ಬೆಲೆ ಅರ್ಧಕ್ಕರ್ಧ ಬಿದ್ದಿದ್ದರಂತೂ, ಅಸಲಿ ಚನ್ನಪಟ್ಟಣದ ಗೊಂಬೆಯ ಹಾಗೆ ಹಾಲೆಮರಕ್ಕೆ ಅರಗಿನ ಬಣ್ಣ ಹಚ್ಚಿದ್ದೋ ಬರೀ ಪೇಂಟ್ ಬಳಿದದ್ದೋ ಎಂದು ವಿವರ ಓದಿ.